ನುಂಗಿ ತೋರಿಸುವವನು

ಮಾತ್ರೆಯ ಪಟ್ಟಿ ಅಂಗಿಯ ಜೇಬಿನಲ್ಲೇ ಇತ್ತು. ಇರದೆ ಎಲ್ಲಿಗೆ ಹೋದೀತು? ಆದರೂ ಆದಿನಾರಾಯಣ ಹೊಸ್ತಿಲು ದಾಟುವಾಗ ಒಮ್ಮೆ, ವಠಾರದ ಬಾವಿಯ ಪಕ್ಕ ಹಾಯುವಾಗ ಇನ್ನೊಮ್ಮೆ ಜೇಬು ಮುಟ್ಟಿ ನೋಡಿಕೊಂಡ. ಬಾವಿಯ ಕಡೆ ನೋಡಲಿಲ್ಲ. ನೋಡದೇ ಇರುವುದಕ್ಕೂ ಮೈಯ ಬಲವೆಲ್ಲ ಬೇಕಾಗುತ್ತದೆ ಎಂದು ಈಚೆಗೆ ಅವನಿಗೆ ಗೊತ್ತಾಗಿತ್ತು. ಬೆಂಗಳೂರಿನ ಯಾವುದೋ ಗಲ್ಲಿಯ ಡಾಕ್ಟರ ಹತ್ತಿರ ಕೋದಂಡಪ್ಪ ಎಂದು ಸುಳ್ಳು ಹೆಸರು ಬರೆಸಿದ್ದ. ಕಾಂಪೌಂಡರು ‘ಕೋದಂಡಪ್ಪ, ಯಾರ್ರೀ ಕೋದಂಡಪ್ಪ’ ಎಂದು ಕೂಗಿದಾಗ ಇನ್ಯಾರನ್ನೋ ಕರೆಯುತ್ತಿದ್ದಾನೆಂದು ಸುಮ್ಮನೆ ಕೂತಿದ್ದ. ಕೊನೆಗೆ ಬೆವರೊರೆಸಿಕೊಂಡು ಎದ್ದು ಹೋಗಿ ಬರೆಸಿಕೊಂಡು ಬಂದ ಮಾತ್ರೆಗಳು ಅವು. ಒಂದನ್ನೂ ನುಂಗಿರಲಿಲ್ಲ. ನುಂಗಿದರೆ ಅದು ನಿಜವಾಗಿಬಿಡುತ್ತದೆ. ನುಂಗದಿದ್ದರೆ ಬರೀ ನಿದ್ದೆ ಕಮ್ಮಿ, ಬರೀ ಪಿತ್ತ, ಬರೀ ವಯಸ್ಸು. ಥೂ, ಊರೂರು ತಿರುಗಿ ‘ಮನಸ್ಸಿನ ಕಾಯಿಲೆಯೂ ಜ್ವರದ ಹಾಗೆ ಒಂದು ಕಾಯಿಲೆ, ಮುಚ್ಚಿಡಬೇಡಿ, ಅದಕ್ಕೂ ಮಾತ್ರೆ ಇದೆ’ ಎಂದು ಹೇಳಿಕೊಂಡು ಬರುವವನು ಇವನೇ. ಆರೋಗ್ಯ ಇಲಾಖೆಯವರು ಈ ವರ್ಷ ಅವನಿಗೆ ಒಪ್ಪಿಸಿದ ಕೆಲಸವೇ ಅದು.

“ಏನ್ರೀ, ಊಟದ ಡಬ್ಬಿ ಬಿಟ್ಟೇ ಹೊರಟ್ರಲ್ಲ!” ಹೆಂಡತಿ ವೆಂಕಟರತ್ನಮ್ಮ ಹಿಂದಿನಿಂದ ಓಡಿಬಂದಳು. ಡಬ್ಬಿ ಕೈಗಿಟ್ಟು ಮುಖ ನೋಡಿದಳು. “ರಾತ್ರಿ ಮತ್ತೆ ನಿದ್ದೆ ಮಾಡ್ಲಿಲ್ವಾ?” “ಸೆಖೆ ಕಣೇ,” ಎಂದ. ಅವಳು ಇನ್ನೇನೋ ಕೇಳುವವಳಿದ್ದಳು. ಕೇಳಿದ್ದರೆ ಏನಾಗುತ್ತಿತ್ತೋ, ಅವನು ಬೇಗ ಬೇಗ ಹೆಜ್ಜೆ ಹಾಕಿದ. ಮಾರ್ಕೆಟ್ಟಿನ ಮೂಲೆಯ ಟೀ ಅಂಗಡಿಯ ಪೆರುಮಾಳ್ ಲೋಟ ಮುಂದಿಡುತ್ತ, “ಎನ್ನ ಸಾರ್, ಒಡಂಬು ಸರಿಯಿಲ್ಲಿಯಾ?” ಎಂದು ದಿನವೂ ಕೇಳುವಂತೆ ಕೇಳಿದ. ಮೈಗೆ ಹುಷಾರಿಲ್ಲವೇ ಎಂದು ತಮಿಳಿನವನಿಗೂ ಕಾಣುತ್ತದೆ, ಸುಣ್ಣದ ಗೋಡೆಗೂ ಕಾಣುತ್ತದೇನೋ. “ಒಡಂಬು ಫಸ್ಟ್ ಕ್ಲಾಸ್,” ಎಂದು ಹಲ್ಲು ಬಿಟ್ಟ. ಟೀಗೆ ಯಾವ ರುಚಿಯೂ ಇರಲಿಲ್ಲ.

ಬಸ್ಸು ಬಂಗಾರಪೇಟೆಯ ದಾರಿ ಹಿಡಿದಾಗ ಚಿನ್ನದ ಗಣಿಯ ಸಯನೈಡ್ ದಿಬ್ಬದ ಬೂದು ಬೆನ್ನು ಕಿಟಕಿಯಲ್ಲಿ ನಿಧಾನವಾಗಿ ಹಿಂದೆ ಸರಿಯಿತು. ಗಾಳಿಗೆ ಅದರ ಪುಡಿ ಹಾರಿ ಹಲ್ಲಿನ ಸಂದಿಗೆ ಬಂತು. ಚಿಕ್ಕಂದಿನ ನಂದಿದುರ್ಗ ಗಣಿಯ ಕೂಲಿ ಲೈನಿನ ಮನೆಯಲ್ಲೂ ಹೀಗೇ, ಅನ್ನದಲ್ಲಿ ಯಾವಾಗಲೂ ಒಂದಿಷ್ಟು ಗರಗರ. ನೆಲದ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ಗೋಡೆಯ ಗೂಡಿನ ಪಾತ್ರೆಗಳೆಲ್ಲ ಒಂದೇ ಸಲ ಕೆಳಗೆ ಬೀಳುತ್ತಿದ್ದವು. ಅಮ್ಮ ಒಂದೊಂದಾಗಿ ಎತ್ತಿ ಮತ್ತೆ ಅಲ್ಲೇ ಇಡುತ್ತಿದ್ದಳು. ಅಪ್ಪ ಶಿಫ್ಟು ಮುಗಿಸಿ ಬಂದು ಕೈಕಾಲು ತೊಳೆಯದೆ ಗೋಡೆಯ ಕಡೆ ಮುಖ ಮಾಡಿ ಕೂತುಬಿಡುತ್ತಿದ್ದ. “ಅಪ್ಪನಿಗೆ ದಣಿವು, ಮಾತಾಡಿಸಬೇಡ,” ಎನ್ನುತ್ತಿದ್ದಳು ಅಮ್ಮ. ಆ ದಣಿವು ಭಾನುವಾರವೂ ಇರುತ್ತಿತ್ತು, ಹಬ್ಬಕ್ಕೂ ಇರುತ್ತಿತ್ತು. ಯಾರೂ ಅದಕ್ಕೆ ಬೇರೆ ಹೆಸರು ಕೊಡಲಿಲ್ಲ. ಕಂಡಕ್ಟರು ಭುಜ ತಟ್ಟಿ, “ಸ್ಟೇಜು ಬಂತು, ಇಳೀರಿ ಸಾರ್,” ಎಂದಾಗ ಬಂಗಾರಪೇಟೆ ಬಂದಿತ್ತು.

ಬೂದಿಕೋಟೆಯ ಬಸ್ಸಿನಲ್ಲಿ ಅಶ್ವತ್ಥಪ್ಪ ಸಿಕ್ಕ. ನೇರಳೆಕುಂಟೆಯ ಡೈರಿಯ ಸೆಕ್ರೆಟರಿ. ದಪ್ಪ ಮೀಸೆ, ಕಾಲ ಬುಡದಲ್ಲಿ ಹಸುವಿನ ಹಿಂಡಿಯ ಮೂಟೆ. ಆದಿನಾರಾಯಣ ಇವತ್ತು ಹೋಗಬೇಕಾದ ಊರೂ ಅದೇ. “ಬನ್ನಿ ಸಾರ್, ಇಲ್ಲಿ ಸೀಟೈತೆ,” ಎಂದು ಮೂಟೆಯನ್ನು ಕಾಲಲ್ಲಿ ಸರಿಸಿ ಜಾಗ ಮಾಡಿದ. ಮುಖದಲ್ಲಿ ಎಂಥದೋ ಖುಷಿ. “ನಿಮ್ ಮಾತು ಸುಮ್ನೆ ಓಗ್ಲಿಲ್ಲ ಸಾರ್. ಓದ್ಸಲ ಡೈರಿ ತಾವ ಯೋಳಿದ್ರಲ್ಲ, ಒಬ್ಬ ಎಂಗ್ಸು ಅಂತ. ಯಾರೂಂತ ಊರ್ಗೆಲ್ಲಾ ತಿಳೀತು.”

“ಯಾರು?” ಎಂದ ಆದಿನಾರಾಯಣ.

“ಅದೇ ಸಾರ್, ಚಿಕ್ಕಮುನಿಯಪ್ಪನ ಎಂಡ್ರು, ನರಸಮ್ಮ. ನೀವು ಎಸ್ರು ಯೋಳ್ದಿದ್ರೇನು, ನಮಗೆ ತಿಳೀದಾ? ಕೋಳಿ ಕೂಗೋಕೆ ಮುಂಚೆ ಎದ್ದು ಬಾವಿ ಕಟ್ಟೆ ಮೇಲೆ ಕೂರೋದು, ಅಗ್ಗ ಇಡ್ಕೊಂಡು ನೀರು ಸೇದ್ದೇ ಇರೋದು, ಉಣ್ಣೋಕೆ ಕೂತು ತಟ್ಟೇನೇ ನೋಡೋದು. ಎಲ್ಲಾ ಅವಳ್ದೇ! ಎಂಗಸ್ರು ಅವತ್ತೇ ಗುಸುಗುಸು ಅಂದ್ರು. ಆಮ್ಯಾಕೆ ಏನಾಯ್ತು ಅಂತೀರಾ, ಬಂಗಾರಪೇಟೆಗೆ ಓದ ನಮ್ ಕ್ಯಾನಿನ್ ಆಲು ಒಡೆದೋಯ್ತು. ಅಷ್ಟೂ ಆಲು ವಾಪಸ್ ಬಂತು. ಯಾರ್ ಕೈ ಸೋಕಿದ್ದಕ್ಕೆ ಒಡೀತು ಅಂತ ಯೋಳ್ಬೇಕಾ?”

“ಬಿಸಿಲು ಅಶ್ವತ್ಥಪ್ಪನವರೇ. ಲಾರಿ ತಡವಾಗಿ ಬಂದಿರುತ್ತೆ.”

“ಲಾರಿ ದಿನಾಲೂ ತಡವೇ ಸಾರ್,” ಎಂದ ಅಶ್ವತ್ಥಪ್ಪ, ತುಂಬ ತಾಳ್ಮೆಯಿಂದ. “ಅವತ್ತೊಂದಿನವೇ ಯಾಕೆ ಒಡೀಬೇಕು?”

ಆಗಲೇ ಹೇಳಿಬಿಡಬಹುದಿತ್ತು. ಪಕ್ಕದಲ್ಲೇ ಕೂತ ಒಬ್ಬನೇ ಒಬ್ಬ ಮನುಷ್ಯ. ಬಸ್ಸಿನ ಗದ್ದಲದಲ್ಲಿ ಇನ್ನಾರಿಗೂ ಕೇಳಿಸುತ್ತಿರಲಿಲ್ಲ. ನಾನು ಹೇಳಿದ್ದು ನರಸಮ್ಮನ ವಿಷಯವಲ್ಲಪ್ಪ, ನರಸಮ್ಮ ಯಾರೆಂದು ನನಗೆ ಸರಿಯಾಗಿ ಗೊತ್ತೂ ಇಲ್ಲ, ನಾನು ಹೇಳಿದ್ದು ನನ್ನದು. ಅಷ್ಟೇ. ಅಶ್ವತ್ಥಪ್ಪ ಬೀಡಿ ಹಚ್ಚಿಕೊಂಡು ಹಿಂಡಿಯ ರೇಟಿನ ವಿಷಯ ತೆಗೆದ. ಆದಿನಾರಾಯಣ ಹೂಂಗುಟ್ಟುತ್ತ ಹೋದ.

ಅವತ್ತು ಆಗಿದ್ದು ಇಷ್ಟು. ಡೈರಿಯ ಜಗುಲಿಯಲ್ಲಿ ಸಂಜೆಯ ಹಾಲು ಹಾಕಲು ಊರಿಗೆ ಊರೇ ಸಾಲು ನಿಂತಿರುತ್ತದೆ, ಮಾತು ಹೇಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಲಾಖೆಯವರು ಕೊಟ್ಟ ಚಿತ್ರಗಳಲ್ಲಿ ಕಾಲಿಗೆ ಸರಪಳಿ ಹಾಕಿಸಿಕೊಂಡ ಒಬ್ಬ ಗಡ್ಡದವನಿದ್ದ, ಜನ ಅವನನ್ನು ನೋಡಿ ನಕ್ಕರು. ‘ಹಾಗಲ್ಲ, ಎಲ್ಲರೂ ಹಾಗಿರೋದಿಲ್ಲ, ನೋಡೋಕೆ ಸರಿಯಾಗೇ ಇರ್ತಾರೆ’ ಎಂದು ಶುರುಮಾಡಿದ ಆದಿನಾರಾಯಣನಿಗೆ ಎಂದೂ ಬಾರದ ಮಾತು ಅವತ್ತು ಬಂದುಬಿಟ್ಟಿತು. ಕೋಳಿ ಕೂಗುವ ಮುಂಚಿನ ಎಚ್ಚರ, ಬಾವಿಯ ಕಟ್ಟೆಯ ತಣ್ಣನೆ ಕಲ್ಲು, ಕೈಯಲ್ಲಿ ಹಗ್ಗ. ಬಾವಿಯ ಒಳಗಿಂದ ಯಾರೋ ‘ಬಾ, ಸಾಕು’ ಎಂದ ಹಾಗಾಗುವುದು. ಒಬ್ಬ ಗಂಡಸು ಎಂದು ಬಾಯಿಗೆ ಬಂದದ್ದನ್ನು ಕೊನೇ ಗಳಿಗೆಯಲ್ಲಿ ನುಂಗಿಕೊಂಡು ‘ಒಬ್ಬ ಹೆಂಗಸು’ ಎಂದ. ಒಂದು ಮಾತಿನ ಮರೆ ಅಷ್ಟೇ. ಯಾವ ಹೆಂಗಸನ್ನೂ ನೆನೆದು ಹೇಳಿದ್ದಲ್ಲ. ಆದರೆ ಊರು ಅಂದಮೇಲೆ ಅಲ್ಲಿ ಹಾಗಿರುವ ಹೆಂಗಸು ಇದ್ದೇ ಇರುತ್ತಾಳೆ ಎಂಬುದು, ಊರೂರಿಗೆ ಅದನ್ನೇ ಸಾರುತ್ತ ತಿರುಗುವ ಇವನಿಗೆ ಹೊಳೆಯಲಿಲ್ಲ. ಎಲಾ ಮುಟ್ಠಾಳ!

ನೇರಳೆಕುಂಟೆಯಲ್ಲಿ ಇಳಿದು ನೇರ ಹೋಗಬೇಕಾದಲ್ಲಿಗೆ ಹೋಗಲಿಲ್ಲ. ಕುಡಿಯುವ ನೀರಿನ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವ ನೆಪ ಇತ್ತು. ಪುಡಿ ಕಲಸಿ ಸುರಿದ. ಹಿಂದೆ ಮೊದಲ ಸಲ ಪುಡಿ ಹಾಕಿದಾಗ, ‘ಇಸ ಆಕ್ತಾವ್ನೆ’ ಎಂದು ಜನ ಕೊಡಗಳನ್ನು ವಾಪಸ್ ಹೊತ್ತುಕೊಂಡು ಹೋಗಿದ್ದರು. ಆಗ ಎಲ್ಲರ ಎದುರಿಗೆ ಅದೇ ನೀರನ್ನು ಗಟಗಟ ಕುಡಿದು ತೋರಿಸಿದ್ದ. ಜಂತುಹುಳದ ಮಾತ್ರೆ ಬಂದಾಗಲೂ ಹಾಗೇ, ನಾಲಿಗೆ ಚಾಚಿ, ಮಾತ್ರೆ ಅದರ ಮೇಲಿಟ್ಟು, ನುಂಗಿ, ಮತ್ತೆ ಬಾಯಗಲಿಸಿ ತೋರಿಸಿದ್ದ. ಜನ ಹೋ ಎಂದು ನಕ್ಕು ಕೈಯೊಡ್ಡಿದ್ದರು. ಅಂದಿನಿಂದ ಅವನು ಸುತ್ತಿನ ಹಳ್ಳಿಗಳಿಗೆಲ್ಲ ‘ನುಂಗಿ ತೋರಿಸೋ ಸಾರು’. ಕೆಲಸದಲ್ಲಿ ಅವನಿಗೆ ಹೆಮ್ಮೆ ಅಂತ ಇದ್ದದ್ದು ಅದೊಂದೇ. ಬಾವಿಯ ಹಗ್ಗವನ್ನು ಎಷ್ಟು ಹೊತ್ತು ಹಿಡಿದು ನಿಂತಿದ್ದನೋ, ನೀರಿಗೆ ಬಂದ ಹುಡುಗಿಯೊಬ್ಬಳು “ಬಿಡಿ ಸಾರ್, ನಾ ಸೇದ್ತೀನಿ,” ಎಂದಳು. ಅವನು ಬೆಚ್ಚಿ ಕೈಬಿಟ್ಟ.

ಚಿಕ್ಕಮುನಿಯಪ್ಪನ ಮನೆ ಊರಿನ ಕೊನೆಗೆ. ಅವನು ಇಟ್ಟಿಗೆ ಗೂಡಿನ ಕೂಲಿ. ಇವತ್ತು ಕೆಲಸಕ್ಕೆ ಹೋಗದೆ ಜಗುಲಿಯ ಮೇಲೆ ಒಂದು ಬಟ್ಟೆಯ ಗಂಟು ಕಟ್ಟುತ್ತ ಕೂತಿದ್ದ. ಆದಿನಾರಾಯಣನನ್ನು ನೋಡಿದ್ದೇ ಎದ್ದು ಕೈಮುಗಿದ. ಅದು ಬೇರೆ! ಬೈದಿದ್ದರೆ, ಕತ್ತಿನ ಪಟ್ಟಿ ಹಿಡಿದಿದ್ದರೆ ಎಷ್ಟೋ ವಾಸಿಯಿತ್ತು.

“ಕುತ್ಕಳಿ ಸಾರ್. ನೀವೇ ಬಂದ್ರಿ, ಒಳ್ಳೇದಾಯ್ತು. ಇವಳನ್ನ ಕುಪ್ಪಂ ಕಡೆ ಅವರ ತವರ್ಗೆ ಬಿಟ್ ಬತ್ತೀನಿ.”

“ಮಕ್ಕಳು?”

“ಇಲ್ಲೇ ಇರ್ತಾವೆ, ನಮ್ಮವ್ವ ನೋಡ್ಕತಾಳೆ. ನಾನೇನು ಕೆಟ್ಟೋನಲ್ಲ ಸಾರ್. ಇವಳ ಮ್ಯಾಗೆ ಒಂದಿನ ಕೈ ಮಾಡ್ಲಿಲ್ಲ. ಆದ್ರೆ ಡೈರಿನೋರು ಆಲು ಬ್ಯಾಡ ಅಂತವ್ರೆ. ಸೀಮೆ ಅಸ ಕಟ್ಕೊಂಡು ಆಲು ಚರಂಡಿಗೆ ಉಯ್ಯಾನಾ? ಇವತ್ತು ಸಂಜೆ ಒಂದ್ಸಲ ಕೊನೇದಾಗಿ ತಕ್ಕೊಂಡೋಯ್ತಾಳೆ. ಇಸ್ಕಂಡ್ರೆ ಗಂಟು ಬಿಚ್ತೀನಿ, ಇಲ್ಲೇ ಇರ್ಲಿ. ಇಲ್ಲಾಂದ್ರೆ ಕಡೇ ಬಸ್ಸಿಗೆ ಕರ್ಕೊಂಡೋಯ್ತೀನಿ.” ತಡೆದು, ಅವನು ನೆಲ ನೋಡುತ್ತ ಕೇಳಿದ: “ಒಂದ್ ಮಾತು ಕೇಳ್ತೀನಿ ಸಾರ್. ಇವಳು ನಿಮ್ ತಾವ ಯಾವಾಗ್ ಬಂದು ಯೋಳ್ಕೊಂಡ್ಳು? ನನಗೊಂದ್ ಮಾತು ಯೋಳ್ಲಿಲ್ಲ.”

ಬಾಗಿಲ ಒಳಗೆ ಅರೆಗತ್ತಲಲ್ಲಿ ನರಸಮ್ಮ ಕೂತಿದ್ದಳು. ಸಣ್ಣ ಮೈ, ಎಣ್ಣೆ ಹಾಕಿ ಬಿಗಿದು ಬಾಚಿದ ತಲೆ. ಸಂಜೆಯ ಪರೀಕ್ಷೆಗೆ ಈಗಲೇ ತಯಾರಾದವಳ ಹಾಗೆ. ಎರಡು ಮಕ್ಕಳು ಅವಳ ಸೆರಗನ್ನು ಆಚೆಯೊಂದು ಈಚೆಯೊಂದು ಹಿಡಿದಿದ್ದವು. ಅವಳು ಆದಿನಾರಾಯಣನನ್ನೇ ನೋಡುತ್ತಿದ್ದಳು, ಸಿಟ್ಟಿನಿಂದಲ್ಲ. ಈ ಮನುಷ್ಯನಿಗೆ ನನ್ನ ಹೊಟ್ಟೆಯೊಳಗಿನದು ಹೇಗೆ ಗೊತ್ತಾಯಿತು ಎಂಬ ದಿಗಿಲಿನಿಂದ. “ಅವರು ನನ್ನ ಹತ್ರ ಏನೂ ಹೇಳಿಕೊಂಡಿಲ್ಲ,” ಎಂದ ಆದಿನಾರಾಯಣ. “ಸಂಜೆ ಡೈರಿಗೆ ನಾನೂ ಬರ್ತೀನಿ.” ಅಲ್ಲಿಂದ ಹೋಗಿ ಕುಂಟೆಯ ದಡದ ಹುಣಸೆಯ ಕೆಳಗೆ ಕೂತು ಊಟದ ಡಬ್ಬಿ ತೆಗೆದ. ಚಿತ್ರಾನ್ನ ಮಾಡಿಕೊಟ್ಟಿದ್ದಳು ಹೆಂಡತಿ ರತ್ನ, ಅವನಿಗೆ ಇಷ್ಟ ಅಂತ. ಅದನ್ನೇ ನೋಡುತ್ತ ಕೂತ. ಉಣ್ಣೋಕೆ ಕೂತು ತಟ್ಟೇನೇ ನೋಡೋದು ಎಂದ ಅಶ್ವತ್ಥಪ್ಪನ ಮಾತು ನೆನಪಾಗಿ, ಅಳು ಬಂತೋ ನಗು ಬಂತೋ ತಿಳಿಯದೆ ಮುಚ್ಚಳ ಹಾಕಿದ.

ಸಂಜೆ ಡೈರಿಯ ಮುಂದೆ ಸಾಲು ನಿಂತಿತು. ಹೆಂಗಸರ ಚೊಂಬು, ಬಿಂದಿಗೆ, ಹಸಿ ಹಾಲಿನ ಬೆಚ್ಚನೆ ವಾಸನೆ. ಅಶ್ವತ್ಥಪ್ಪ ಒಬ್ಬೊಬ್ಬರ ಹಾಲಿಗೂ ಲ್ಯಾಕ್ಟೋಮೀಟರು ಇಳಿಬಿಟ್ಟು ನೋಡಿ ದೊಡ್ಡ ಕ್ಯಾನಿಗೆ ಸುರಿಸುತ್ತಿದ್ದ. ನರಸಮ್ಮ ಬಂದಾಗ ಸಾಲು ತಾನಾಗಿ ಎರಡಾಯಿತು. ಅವಳ ಹಿಂದೆ ಮುಂದೆ ಒಂದೊಂದು ಮಾರು ಜಾಗ. ಹಣೆಯಲ್ಲಿ ದುಂಡನೆ ಕುಂಕುಮ, ಬೂದಿಯಲ್ಲಿ ಬೆಳಗಿದ ಚೊಂಬು. ಅವಳ ಸರದಿ ಬಂದಾಗ ಅಶ್ವತ್ಥಪ್ಪ ಕ್ಯಾನಿನ ಬಾಯಿಗೆ ತನ್ನ ಅಂಗೈ ಮುಚ್ಚಿದ.

“ಬ್ಯಾಡ ಕಣಮ್ಮ. ತಪ್ಪು ತಿಳ್ಕಬ್ಯಾಡ. ಊರಿನ್ ಕ್ಯಾನು.”

“ಆ ಹೆಂಗಸು ಇವರಲ್ಲ,” ಎಂದ ಆದಿನಾರಾಯಣ. ಧ್ವನಿ ಅವನಿಗೇ ಕೇಳಿಸಲಿಲ್ಲ. ಜಗುಲಿ ಹತ್ತಿ ಮತ್ತೆ ಹೇಳಿದ. “ಕೇಳಿ ಇಲ್ಲಿ. ಅವತ್ತು ನಾನು ಹೇಳಿದ್ದು ಯಾವ ಹೆಂಗಸಿನ ವಿಷಯವೂ ಅಲ್ಲ. ಅದು ನಾನು. ನಿದ್ದೆ ಇಲ್ಲದೆ ಬಾವಿ ಕಟ್ಟೆ ಮೇಲೆ ಕೂರೋನು ನಾನು. ನನಗೆ ಆ ಕಾಯಿಲೆ ಇದೆ.”

ಹೇಳಿಯಾಯಿತು! ಆಕಾಶವೇನೂ ಬೀಳಲಿಲ್ಲ. ಸಾಲಿನ ಹಿಂದಿನಿಂದ ಮುದುಕಿ ಚಿಕ್ಕವೆಂಕಟಮ್ಮ, “ಅಯ್ ನನ್ನಪ್ಪಾ, ಸಾರು ಎಂಗ್ಸಂತೆ ಕಣ್ರೇ!” ಎಂದಳು. ನಗು ಸಾಲುದ್ದಕ್ಕೂ ಹರಿಯಿತು. ಆದಿನಾರಾಯಣನ ಕಿವಿ ಕಾದವು. ಜೇಬಿನಿಂದ ಪಟ್ಟಿ ಎಳೆದು ಅಶ್ವತ್ಥಪ್ಪನ ಮುಂದೆ ಹಿಡಿದ. “ನೋಡಿ, ಇದಕ್ಕೆ ಡಾಕ್ಟರು ನನಗೇ ಬರೆದುಕೊಟ್ಟ ಮಾತ್ರೆ.”

ಅಶ್ವತ್ಥಪ್ಪ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಪಟ್ಟಿಯನ್ನು ಆಚೆ ಈಚೆ ತಿರುಗಿಸಿದ. “ಒಂದೂ ತೆಗ್ದಿಲ್ವಲ್ಲ ಸಾರ್,” ಎಂದ, ಮೆಲ್ಲಗೆ, ಮರ್ಯಾದೆಯಿಂದ. “ಕಾಯಿಲೆ ಇದ್ದೋರು ಮಾತ್ರೆ ಇಂಗೆ ಒಸಾದಾಗಿ ಮಡಿಕ್ಕಂತಾರಾ?”

ಆದಿನಾರಾಯಣ ಪಟ್ಟಿ ಕಿತ್ತುಕೊಂಡ. ಇಷ್ಟು ದಿನ ಹೆದರಿ ಹೆದರಿ ಮುಟ್ಟಿ ನೋಡುತ್ತಿದ್ದ ಆ ಮಾತ್ರೆಗಳಲ್ಲೊಂದನ್ನು ಒತ್ತಿ ಅಂಗೈಗೆ ಬೀಳಿಸಿಕೊಂಡು ಬಾಯಿಗೆ ಎಸೆದುಕೊಂಡ. ಒಣಗಿದ ಗಂಟಲಲ್ಲಿ ಅದು ಸಿಕ್ಕಿಕೊಂಡಿತು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಯಾರದೋ ಕೈ ಮುಂದೆ ಬಂತು, ಬೆಳಗಿದ ಚೊಂಬು, ನರಸಮ್ಮ. ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಹಸಿ ಹಾಲನ್ನು ಗುಟುಕರಿಸಿದ. ಬೆಚ್ಚಗೆ, ಹಸುವಿನ ಮೈಯ ವಾಸನೆಯ ಹಾಲು. ಮಾತ್ರೆ ಇಳಿಯಿತು. ಅಭ್ಯಾಸಬಲ, ಹಾಳಾದ ಅಭ್ಯಾಸಬಲ, ಬಾಯಿ ತಾನಾಗಿ ಅಗಲವಾಗಿ ತೆರೆದುಕೊಂಡಿತು.

ಜನ ಹೋ ಎಂದರು. ಯಾರೋ ಚಪ್ಪಾಳೆ ತಟ್ಟಿದರು. “ಜಂತಿನ್ ಮಾತ್ರೆಗೂ ಇಂಗೇ ಮಾಡಿದ್ರು ಕಣ್ಲಾ!” “ಎಂಥಾ ದೊಡ್ಡ ಮನುಸ, ಅವಳ ಮಾನ ಉಳ್ಸೋಕೆ ತನ್ ಮ್ಯಾಲೇ ಆಕ್ಕಂಡ.”

“ಅಲ್ರೀ, ನಿಜ, ನಿಜವಾಗಲೂ...” ಎಂದು ಆದಿನಾರಾಯಣ ಕೂಗುತ್ತಲೇ ಇದ್ದ. ಅಶ್ವತ್ಥಪ್ಪ ಅವನ ತೋಳು ಹಿಡಿದು ಜಗುಲಿಯಿಂದ ಇಳಿಸಿದ. “ನೀವು ಕುಡೀಬೋದು ಸಾರ್, ನೀವು ಡಾಕ್ಟ್ರು ಇದ್ದಂಗೆ. ನಮ್ದು ಊರಿನ್ ಕ್ಯಾನು. ಮತ್ತೊಂದ್ಸಲ ಒಡೆದೋದ್ರೆ ಮಕ್ಳು ಮರಿ ಏನ್ ತಿನ್ಬೇಕು?” ಸಾಲು ಮತ್ತೆ ಕೂಡಿಕೊಂಡಿತು. ನರಸಮ್ಮ ಉಳಿದ ಹಾಲಿನ ಚೊಂಬು ಹಿಡಿದು ಬಂದ ದಾರಿಯಲ್ಲೇ ಹೋದಳು.

ಕುಪ್ಪಂ ಕಡೆಯ ಕಡೇ ಬಸ್ಸಿಗೆ ಕಾಯುವ ಅರಳಿಕಟ್ಟೆಯ ಬಳಿ ಮೂವರೇ ಇದ್ದರು. ಚಿಕ್ಕಮುನಿಯಪ್ಪ ಗಂಟನ್ನು ಇಟ್ಟು, ಬಸ್ಸು ಬರುತ್ತದೆಯೇ ಎಂದು ರಸ್ತೆಯ ತಿರುವಿನವರೆಗೆ ಹೋದ. ಮಕ್ಕಳನ್ನು ಮನೆಯಲ್ಲೇ ಕೂಡಿಹಾಕಿ ಬಂದಿದ್ದರು. ದೂರದಿಂದ ಅವುಗಳ ಅಳು ಕೇಳುತ್ತಿತ್ತು. ಆದಿನಾರಾಯಣ ಅವಳ ಮುಂದೆ ನಿಂತ. ಕ್ಷಮಿಸು ಎನ್ನಬೇಕಿತ್ತು. ಆ ಮಾತು ಎಷ್ಟು ಅಗ್ಗ ಅನ್ನಿಸಿ ಹೊರಗೆ ಬರಲಿಲ್ಲ.

“ನಿಮಗೆ ನಿಜವಾಗ್ಲೂ ಅಂಗೇ ಆಯ್ತದಾ ಅಣ್ಣಾ?” ಎಂದಳು ನರಸಮ್ಮ. ಅವಳ ಧ್ವನಿಯನ್ನು ಅವನು ಕೇಳಿದ್ದು ಅದೇ ಮೊದಲು.

“ಆಗುತ್ತಮ್ಮ.”

“ಬಾವಿ ಕರೀತದಾ?”

“ಹೂಂ.”

ಅವಳು ತಲೆಯಾಡಿಸಿದಳು. ಇಡೀ ಊರಿನಲ್ಲಿ ಅವನನ್ನು ನಂಬಿದವಳು ಅವಳೊಬ್ಬಳೇ. “ನಂಗೊಬ್ಬಳಿಗೇ ಅಂದ್ಕಂಡಿದ್ದೆ,” ಎಂದಳು. ಆಮೇಲೆ, ಹಾದಿ ಕೇಳುವವರು ಕೇಳುವ ಹಾಗೆ ಕೇಳಿದಳು: “ಮತ್ತೆ ನೀವು ಅಲ್ಲಿಂದ ಎಂಗೆ ಎದ್ ಬತ್ತೀರಾ? ಇಲ್ಲಿ ಮಕ್ಳು ಅಳೋದು ಕೇಳಿದ್ರೆ ನಾನು ಎದ್ ಬತ್ತಿದ್ದೆ. ಅಲ್ಲಿ ಮಕ್ಳು ಇರಲ್ವಲ್ಲ.”

ಇಲಾಖೆಯವರು ಕೊಟ್ಟ ಚಿತ್ರಗಳಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಹೇಗೆ ಎದ್ದು ಬರುತ್ತೇನೆ? ಬೆಳಗಾಗುತ್ತದೆ, ವಠಾರದ ಯಾರೋ ನೀರಿಗೆ ಬರುತ್ತಾರೆ, ನಾಚಿಕೆಗೆ ಎದ್ದು ಬರುತ್ತೇನೆ. ಅಷ್ಟೇ. ಅದನ್ನು ಹೇಳುವುದು ಹೇಗೆ? “ಊರಿಗೆ ಹೋದ ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಮ್ಮ, ಇದಕ್ಕೆ ಔಷಧಿ ಇದೆ,” ಎಂದ. “ನೀವೇ ಇವತ್ತಿನ್ಗಂಟ ತಿಂದಿರ್ಲಿಲ್ವಲ್ಲ ಅಣ್ಣಾ,” ಎಂದಳು ಅವಳು. ಕುಹಕವಿರಲಿಲ್ಲ. ತಿರುವಿನಲ್ಲಿ ಬಸ್ಸಿನ ದೀಪ ಕಂಡಿತು, ಚಿಕ್ಕಮುನಿಯಪ್ಪ ಓಡಿ ಬಂದು ಗಂಟು ಎತ್ತಿಕೊಂಡ. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು, ಇನ್ನೂ ಉತ್ತರಕ್ಕೆ ಕಾಯುತ್ತ ಅವನನ್ನೇ ನೋಡುತ್ತ. ಬಸ್ಸು ಹೊರಟ ಮೇಲೆ ಆದಿನಾರಾಯಣ ಅದರ ಹಿಂದೆ ಓಡಿದ. “ಕೂಗು ನರಸಮ್ಮಾ! ಯಾರನ್ನಾದ್ರೂ ಕೂಗು! ಒಬ್ಬಳೇ ಕೂರಬೇಡ, ಕೂಗು!” ಧೂಳು ಬಾಯಿಗೆ ತುಂಬಿತು. ಕೇಳಿಸಿತೋ ಇಲ್ಲವೋ, ಕಿಟಕಿಯ ತಲೆ ಒಮ್ಮೆ ಹಿಂದೆ ತಿರುಗಿದ ಹಾಗಿತ್ತು.

ಹಾದಿಯಲ್ಲಿ ಹೋಗುತ್ತಿದ್ದ ಹಿಟ್ಟಿನ ಗಿರಣಿಯ ವ್ಯಾನು ಅವನನ್ನು ಬಂಗಾರಪೇಟೆಗೆ ಬಿಟ್ಟಿತು. ಅಲ್ಲಿಂದ ಹೇಗೆ ಬಂದನೋ, ವಠಾರದ ಬಾಗಿಲಲ್ಲಿ ನಿಂತಾಗ ಅಕ್ಕಪಕ್ಕದ ಮನೆಗಳಲ್ಲಿ ಒಗ್ಗರಣೆಯ ವಾಸನೆ. ಮನೆಯೊಳಗೆ ರತ್ನ ಪಂಪ್ ಸ್ಟವ್ ಹಚ್ಚಿಕೊಂಡು ಅಡುಗೆ ಮಾಡುತ್ತಿದ್ದಳು. ಅವನು ಒಳಗೆ ಹೋಗಲಿಲ್ಲ. ಕಾಲು ಬಾವಿಯ ಕಡೆಗೆ ನಡೆದವು, ಮೈ ಕಟ್ಟೆಯ ಮೇಲೆ ಕೂತಿತು, ಕೈ ಹಗ್ಗ ಹಿಡಿಯಿತು. ಹೇಳಿಯೂ ಆಗಿತ್ತು, ನುಂಗಿಯೂ ಆಗಿತ್ತು, ಏನೂ ಆಗಿರಲಿಲ್ಲ. ಅವಳೀಗ ಎಲ್ಲಿರಬಹುದು? ಆ ಊರಿನ ಬಾವಿ ಎಂಥದೋ, ಕಟ್ಟೆ ಇದೆಯೋ ಇಲ್ಲವೋ. ಕೂಗು ಅಂದೆನಲ್ಲ, ಮಹಾ ಬುದ್ಧಿವಂತ; ನಾನು ಇಷ್ಟು ವರ್ಷಗಳಲ್ಲಿ ಯಾರನ್ನು ಕೂಗಿದ್ದೇನೆ? ಅಪ್ಪ ಯಾರನ್ನು ಕೂಗಿದ?

“ರತ್ನಾ,” ಎಂದ. ಸ್ಟವ್ವಿನ ಭೋರ್ಗರೆತದಲ್ಲಿ ಅದು ಅವನ ಕಿವಿಗೇ ಬೀಳಲಿಲ್ಲ. ಪಕ್ಕದ ಮನೆಯ ಕಿಟಕಿಯಲ್ಲಿ ಯಾರೋ ಇಣುಕಿದರು. ನಾಚಿಕೆಯಾಯಿತು, ಎದ್ದುಬಿಡೋಣ, ಕೈಕಾಲು ತೊಳೆಯಲು ಬಂದೆ ಎನ್ನೋಣ ಎನಿಸಿತು. ಎದ್ದರೆ ನಾಳೆ ಮತ್ತೆ ಬರುತ್ತೇನೆ ಎಂಬುದೂ ಗೊತ್ತಿತ್ತು.

“ರತ್ನಾ!” ಎಂದು ಎದೆ ಬಿರಿಯುವ ಹಾಗೆ ಕೂಗಿದ.

ಸ್ಟವ್ವಿನ ಸದ್ದು ನಿಂತಿತು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು, ಕತ್ತಲಲ್ಲಿ ಎಲ್ಲೆಲ್ಲೋ ನೋಡಿದಳು, ಕೊನೆಗೆ ಅವನನ್ನು ಕಂಡಳು. “ಏನ್ರೀ, ಕರೆದ್ರಾ?”

“ಹೂಂ, ಕರೆದೆ,” ಎಂದ ಆದಿನಾರಾಯಣ. ಹಗ್ಗ ಇನ್ನೂ ಅವನ ಕೈಯಲ್ಲೇ ಇತ್ತು.